ಬೆಂಕಿಯಿಲ್ಲದ ಬಾಯಿಕಟ್ಟು

"ಗುರುಗಳೇ, ಬ್ರಿಟನ್ನಿನಲ್ಲಿ ಸರ್ಕಾರ, ಪಾರ್ಲಿಮೆಂಟು, ನ್ಯಾಯಾಲಯ, ಈ ಮೂರರಲ್ಲಿ ಯಾರು ಯಾರ ಮಾತು ಕೇಳಬೇಕು?" ಎಂದು ವಸುಮತಿ ಕೇಳಿದಳು.

ಅವಳು ಕಾನೂನು ಓದುತ್ತಿದ್ದಳು. ಗುರುಗಳು ಆ ಪಾಠವನ್ನೇ ಮೂವತ್ತು ವರ್ಷ ಹೇಳಿದವರು. ಅವಳ ಗೊಂದಲ ಇಷ್ಟು: ಆ ದೇಶದಲ್ಲಿ ಸಂವಿಧಾನ ಎಂದು ಕೈಯಲ್ಲಿ ಎತ್ತಿ ತೋರಿಸಬಲ್ಲ ಒಂದು ಪುಸ್ತಕವಿಲ್ಲ. ಮಂತ್ರಿಗಳು ಪಾರ್ಲಿಮೆಂಟಿನೊಳಗೇ ಕೂರುತ್ತಾರೆ, ಅದಕ್ಕೇ ಉತ್ತರ ಕೊಡುತ್ತಾರೆ. ಪಾರ್ಲಿಮೆಂಟು ಮಾಡಿದ ಕಾನೂನನ್ನು ನ್ಯಾಯಾಧೀಶರು ಹೊಡೆದುಹಾಕುವಂತಿಲ್ಲ. ಆದರೆ ಅದೇ ನ್ಯಾಯಾಧೀಶರು 'ನೀನು ಮಾಡಿದ್ದು ಕಾನೂನಿಗೆ ಸಲ್ಲದು' ಎಂದರೆ, ಪೊಲೀಸು, ಸೈನ್ಯ ಎಲ್ಲವನ್ನೂ ಕೈಯಲ್ಲಿಟ್ಟುಕೊಂಡ ಸರ್ಕಾರ ತಲೆಬಾಗುತ್ತದೆ.

"ಬಲ ಇರುವವನು ಬಲ ಇಲ್ಲದವನಿಗೆ ಯಾಕೆ ಬಾಗಬೇಕು?" ಎಂದಳು.

ಗುರುಗಳು ನಕ್ಕರು. ಅವಳ ಪ್ರಶ್ನೆಗಳೆಂದರೆ ಅವರಿಗೆ ಪ್ರೀತಿ. ಪುಸ್ತಕ ಮುಚ್ಚಿಸಿ ಕತೆ ಹೇಳಿದರು.

ಒಂದು ಊರಿನಲ್ಲಿ ನಲವತ್ತು ಮನೆ ಕುಂಬಾರರು. ನಲವತ್ತು ಮನೆಗೂ ಸೇರಿ ಮಡಕೆ ಸುಡುವ ಆವಿಗೆ ಒಂದೇ. ಮಣ್ಣು ಕಲಸುವುದು, ತಿಗರಿ ತಿರುಗಿಸುವುದು ಅವರವರ ಮನೆಯಲ್ಲಿ, ಸುಡುವುದು ಮಾತ್ರ ಒಟ್ಟಿಗೆ. ಯಾರ ಮಡಕೆ ಎಲ್ಲಿ ಜೋಡಿಸಬೇಕು, ಎಷ್ಟು ಸೌದೆ, ಯಾವ ದಿನ ಬೆಂಕಿ, ಇದನ್ನೆಲ್ಲ ನೋಡಿಕೊಳ್ಳಲು ಒಬ್ಬ ಯಜಮಾನ. ಅವನನ್ನು ಕುಂಬಾರರ ಸಭೆ ತನ್ನೊಳಗಿಂದಲೇ ಆರಿಸುತ್ತಿತ್ತು. ಪ್ರತಿ ಸೋಮವಾರ ಹುಣಸೆಮರದ ಕೆಳಗೆ ಸಭೆ. ಕಟ್ಟಳೆ ಮಾಡುವುದು ಸಭೆಯ ಕೆಲಸ. ಯಜಮಾನನೂ ಅಲ್ಲೇ ಚಾಪೆಯ ಮೇಲೆ ಕೂತು, ಕೇಳಿದ್ದಕ್ಕೆಲ್ಲ ಉತ್ತರ ಹೇಳಬೇಕು. ಸಭೆಗೆ ಬೇಡವಾದ ದಿನ ಅವನು ಯಜಮಾನನಲ್ಲ.

ಕಟ್ಟಳೆಯ ಅರ್ಥ ಹೇಳುವುದಕ್ಕೆ ಒಬ್ಬ ಅಜ್ಜ ಇದ್ದ. ಆ ಕೆಲಸ ಒಪ್ಪಿಕೊಂಡ ದಿನವೇ ಅವನು ತಿಗರಿ ಬಿಟ್ಟಿದ್ದ, ಸಭೆಯಲ್ಲಿ ಕೂರುವುದನ್ನೂ ಬಿಟ್ಟಿದ್ದ. ಒಮ್ಮೆ ಸಭೆಗೆ ಏನು ತೋಚಿತೋ, ಅಮಾವಾಸ್ಯೆಯ ವಾರ ಯಾರೂ ಕೆರೆಯಿಂದ ಮಣ್ಣು ತರಕೂಡದು ಎಂದು ಕಟ್ಟಳೆ ಮಾಡಿತು. ಅದು ಬೇಡವಾದವರು, ಇದನ್ನು ತೆಗೆದುಹಾಕು ಎಂದು ಅಜ್ಜನ ಮನೆಗೆ ಓಡಿದರು. ಅಜ್ಜ, "ಇದು ಪೆದ್ದು ಕಟ್ಟಳೆ. ಆದ್ರೂ ಕಟ್ಟಳೆ. ಮಾಡಿದೋರು ಮರದ ಕೆಳಗವ್ರೆ, ಹೋಗಿ ಅವರನ್ನೇ ಕೇಳಿ" ಎಂದು ಹೇಳಿ ಬಾಗಿಲು ಹಾಕಿಕೊಂಡ.

ಆ ಊರಿನಲ್ಲಿ ಬಾಯಿಕಟ್ಟು ಎಂದು ಒಂದು ಪದ್ಧತಿ ಇತ್ತು. ಆವಿಗೆಗೆ ಬೆಂಕಿ ಇಟ್ಟ ಗಳಿಗೆಯಿಂದ ಮಡಕೆ ಆರಿಸಿ ಹೊರತೆಗೆಯುವವರೆಗೆ ಸಭೆ ಕೂರುವಂತಿಲ್ಲ. ಬೆಂಕಿ ಕಾಯುವವನ ಗಮನ ಜಗಳದ ಕಡೆ ಹೋದರೆ ನಲವತ್ತು ಮನೆಯ ಮಡಕೆಯೂ ಹೋದಂತೆ. ಮೂರು ದಿನ, ಹೆಚ್ಚೆಂದರೆ ನಾಲ್ಕು. ಬಾಯಿಕಟ್ಟು ಸಾರುವ ಹಕ್ಕು ಯಜಮಾನನದು. ಯಾಕೆ ಸಾರಿದೆ ಎಂದು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಕೇಳುವ ಪ್ರಸಂಗವೂ ಬಂದಿರಲಿಲ್ಲ.

ಹೀಗಿರುವಾಗ ಮುದ್ದಯ್ಯ ಯಜಮಾನನಾದ. ಇವನು ಅಜ್ಜನ ತಮ್ಮನ ಮಗ. ತಂದೆ ತೀರಿಕೊಂಡ ಮೇಲೆ ಅಜ್ಜನೇ ಸಾಕಿದ್ದ. ಹೊಗೆಯ ಬಣ್ಣ ನೋಡಿ ಒಳಗಿನ ಬೆಂಕಿ ತಿಳಿಯುವುದನ್ನು ಅವನೇ ಕಲಿಸಿದ್ದ.

ಮುದ್ದಯ್ಯ ಕೆಟ್ಟವನಲ್ಲ. ಬಲು ಒಳ್ಳೆಯವನು, ತೊಂದರೆ ಬಂದದ್ದೇ ಅಲ್ಲಿ. ಹಳೆಯ ಆವಿಗೆ ಬರಿಯ ಗುಂಡಿ. ಪ್ರತಿ ಸಲವೂ ನಾಲ್ಕರಲ್ಲಿ ಒಂದು ಮಡಕೆ ಸೀಳುತ್ತಿತ್ತು. ಹೆಂಗಸರು ಒಡೆದ ಚೂರನ್ನು ಬುಟ್ಟಿಗೆ ತುಂಬುವುದನ್ನು ನೋಡಿದರೆ ಅವನ ಕರುಳು ಚುರುಕ್ಕೆನ್ನುತ್ತಿತ್ತು. ಪಕ್ಕದ ಸೀಮೆಗೆ ಹೋಗಿ ಗೋಡೆ ಕಟ್ಟಿದ ಆವಿಗೆ ನೋಡಿ ಬಂದ. ಹಳೆಯದನ್ನು ಅಗೆದು ಅದೇ ಜಾಗದಲ್ಲಿ ಅಂಥದ್ದು ಕಟ್ಟೋಣ ಎಂದು ಸಭೆಗೆ ಹೇಳಿದ.

ಸಭೆ ಪ್ರಶ್ನೆ ಕೇಳಿತು. ಹೊಗೆ ಎತ್ತ ಹೋಗುತ್ತದೆ? ಗೋಡೆ ಬಿರಿದರೆ ಗತಿ ಏನು? ಒಬ್ಬ ಮುದುಕ ಮೂರು ಸೋಮವಾರವೂ ಒಂದೇ ಪ್ರಶ್ನೆ ಕೇಳಿ, ಮೂರು ಸಲವೂ ಉತ್ತರ ಹೇಳುವ ಹೊತ್ತಿಗೆ ನಿದ್ದೆ ಹೋದ. ಮುದ್ದಯ್ಯನಿಗೆ ಸಾಕಾಯಿತು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತಲ್ಲ ಎಂದುಕೊಂಡ. ಇಷ್ಟೆಲ್ಲ ಒದ್ದಾಡುತ್ತಿರುವುದು ಇವರ ಮಡಕೆಗಾಗಿಯೇ ತಾನೆ?

ಮುಂದಿನ ಭಾನುವಾರ ಅವನು ತಮಟೆ ಹೊಡೆಸಿ ಬಾಯಿಕಟ್ಟು ಸಾರಿದ. ನಲವತ್ತು ದಿನ. ಆವಿಗೆಯಲ್ಲಿ ಒಂದು ಕಿಡಿಯೂ ಇರಲಿಲ್ಲ. ನಲವತ್ತು ದಿನದಲ್ಲಿ ಹಳೆಯದು ಹೋಗಿ ಹೊಸದು ಎದ್ದಿರುತ್ತದೆ. ಎದ್ದು ನಿಂತ ಮೇಲೆ ಎಲ್ಲರೂ ಹೊಗಳುತ್ತಾರೆ, ನಾನೇ ಮೊದಲು ಹೇಳಿದ್ದೆ ಎಂದು ಒಬ್ಬೊಬ್ಬರೂ ಮುಂದೆ ಬರುತ್ತಾರೆ ಎಂದು ಅವನಿಗೆ ಖಾತ್ರಿಯಿತ್ತು. ಎಂಟು ಜನರಿಗೆ ಪಿಕಾಸಿ ಕೊಟ್ಟು, ಬೆಳಗಾದ ಕೂಡಲೇ ಅಗೆಯಿರಿ ಎಂದ.

ಊರಿನಲ್ಲಿ ಈರಮ್ಮ ಎಂಬ ಒಂಟಿ ಹೆಂಗಸು ಇದ್ದಳು. ಅವಳು ಮಾಡುತ್ತಿದ್ದದ್ದು ಹಣತೆ ಮಾತ್ರ. ದೀಪಾವಳಿಗೆ ಇನ್ನು ಇಪ್ಪತ್ತೈದು ದಿನ. ಹಬ್ಬದ ಹಣತೆ ಮಾರಿದರೆ ಅವಳಿಗೆ ವರ್ಷದ ಊಟ, ಇಲ್ಲವಾದರೆ ಇಲ್ಲ. ಒಣಗಿದ, ಇನ್ನೂ ಸುಡದ ಹಣತೆಗಳು ಮನೆ ತುಂಬ ಕಾಲಿಡಲು ಜಾಗವಿಲ್ಲದಂತೆ ಹರಡಿದ್ದವು. ಸುಡುವ ಆವಿಗೆಯನ್ನೇ ನಾಳೆ ಅಗೆಯುತ್ತಾರೆ. ಇದನ್ನು ನಾಳೆಯ ಸಭೆಯಲ್ಲಿ ಕೇಳಬೇಕೆಂದಿದ್ದಳು, ಈಗ ಕೇಳುವ ಜಾಗವೇ ಇಲ್ಲ. ಅವಳು ಅಜ್ಜನ ಮನೆಗೆ ಹೋಗಿ ಅತ್ತಳು.

ಬೆಳಿಗ್ಗೆ ಅಜ್ಜ ಅವಳ ಕೈ ಹಿಡಿದುಕೊಂಡು ಆವಿಗೆಯ ಹತ್ತಿರ ಬಂದ. ಪಿಕಾಸಿ ಹಿಡಿದವರು ಆಗಲೇ ಟೊಂಕ ಕಟ್ಟಿ ನಿಂತಿದ್ದರು.

"ಬಾಯಿಕಟ್ಟು ಸಾರೋದು ನನ್ನ ಹಕ್ಕು, ದೊಡ್ಡಪ್ಪ," ಎಂದ ಮುದ್ದಯ್ಯ. "ಯಾಕೆ ಅಂತ ಯಾರೂ ಯಾವತ್ತೂ ಕೇಳಿಲ್ಲ. ನಾನೇನು ಇದನ್ನ ನನ್ನ ಮನೆ ಹಿತ್ತಲಲ್ಲಿ ಕಟ್ಕೊಳ್ತಿದ್ದೀನಾ?"

"ಹಕ್ಕು ನಿನ್ನದೇ ಕಣಪ್ಪ," ಎಂದ ಅಜ್ಜ. ಬಗ್ಗಿ ಆವಿಗೆಯಿಂದ ಒಂದು ಹಿಡಿ ಬೂದಿ ತೆಗೆದು ಅವನ ಅಂಗೈಗೆ ಸುರಿದ. "ಬಿಸಿ ಐತಾ ನೋಡು."

ಬೂದಿ ತಣ್ಣಗಿತ್ತು. ಅಜ್ಜ ಮುಂದುವರಿಸಿದ.

"ಬಾಯಿಕಟ್ಟು ಇರೋದು ಬೆಂಕಿ ಕಾಯೋಕೆ, ಕೇಳೋರನ್ನ ಮನೆಗೆ ಕಳಿಸೋಕಲ್ಲ. ಬೆಂಕಿ ಇಲ್ಲ ಅಂದ್ಮೇಲೆ ನೀನು ಸಾರಿದ್ದು ಬಾಯಿಕಟ್ಟೇ ಅಲ್ಲ. ಹೋದ ಸೋಮವಾರ ಕೂತ ಸಭೆ ಇನ್ನೂ ಕೂತೇ ಐತೆ ಅಂತ ತಿಳ್ಕೊ."

"ಹಂಗಾದ್ರೆ ಹೊಸ ಆವಿಗೆ ಬೇಡ ಅಂತೀಯಾ?"

"ಬೇಕೋ ಬೇಡ್ವೋ ಅನ್ನೋದು ನನ್ನ ಮಾತಲ್ಲ, ಮರದ ಕೆಳಗಿನ ಮಾತು. ಆವಿಗೆ ಎಲ್ಲಾರದು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಅವರು ಹೇಳೋ ತನಕ ಅಗೀಬೇಡ."

ಅಜ್ಜನ ಹಿಂದೆ ಆಳುಗಳಿರಲಿಲ್ಲ. ಇದ್ದವಳು ಈರಮ್ಮ ಒಬ್ಬಳೇ, ಅವಳೂ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಿಂತಿದ್ದಳು. ಎಂಟು ಜನ ಮುದ್ದಯ್ಯನ ಮುಖ ನೋಡುತ್ತಿದ್ದರು. ಅವನು ಹೂಂ ಎಂದಿದ್ದರೆ ಅರ್ಧ ಗಳಿಗೆಯಲ್ಲಿ ಆವಿಗೆ ಇರುತ್ತಿರಲಿಲ್ಲ. ಅದು ಅವನಿಗೂ ಗೊತ್ತಿತ್ತು, ಅಜ್ಜನಿಗೂ ಗೊತ್ತಿತ್ತು. ಸಿಟ್ಟಿನಿಂದ ಮುದ್ದಯ್ಯನ ಕಣ್ಣಲ್ಲಿ ನೀರು ಬಂತು. ತನ್ನ ಯೋಚನೆಯೇ ಸರಿ ಎಂದು ಆಗಲೂ ಅವನಿಗೆ ಅನ್ನಿಸುತ್ತಿತ್ತು. ಕೊನೆಗೆ ಅಂಗೈಯ ಬೂದಿ ಕೊಡವಿ, "ಕೆಳಗಿಡ್ರಪ್ಪ" ಎಂದ.

ಅಜ್ಜನ ಮೊಣಕಾಲು ಅಷ್ಟರಲ್ಲಿ ಸೋತಿತ್ತು. ಮುದ್ದಯ್ಯ ಅವನನ್ನು ಬೆನ್ನಿಗೆ ಹಾಕಿಕೊಂಡು ಮನೆಗೆ ಹೊರಟ.

"ನೀನು ಕಟ್ಟಬೇಕು ಅಂತಿರೋ ಆವಿಗೆ ಚೆನ್ನಾಗೈತೆ ಕಣೋ," ಎಂದ ಅಜ್ಜ ಬೆನ್ನ ಮೇಲಿನಿಂದ.

"ಅಲ್ಲೇ ಹೇಳೋದಕ್ಕೇನಾಗಿತ್ತು?"

"ಅಲ್ಲಿ ನಾನು ನಿನ್ನ ದೊಡ್ಡಪ್ಪ ಆಗಿರಲಿಲ್ಲ."

ಮುದ್ದಯ್ಯನಿಗೆ ನಗು ಬಂತು. ಮುದುಕನನ್ನು ಇನ್ನಷ್ಟು ಮೇಲಕ್ಕೆ ಎತ್ತಿಕೊಂಡು ನಡೆದ.

ಸಂಜೆ ಅವನೇ ಮನೆಮನೆಗೆ ಹೋಗಿ ಸಭೆ ಕರೆದ. ಈರಮ್ಮ ಎದ್ದು ನಿಂತು, "ನನ್ನ ಹಣತೆ ಎಲ್ಲಿ ಸುಡ್ಲಿ, ಯಜಮಾನ?" ಎಂದು ಕೇಳಿದಳು. ಹೊಗೆಗೆ, ಗೋಡೆಗೆ, ಸೌದೆಗೆ ಎಲ್ಲಕ್ಕೂ ಉತ್ತರ ಇಟ್ಟುಕೊಂಡಿದ್ದ ಮುದ್ದಯ್ಯನಿಗೆ ಈ ಒಂದು ಪ್ರಶ್ನೆ ಹೊಳೆದೇ ಇರಲಿಲ್ಲ. ನಾಚಿಕೆಯಾಯಿತು. "ತಪ್ಪಾಯ್ತು ಕಣವ್ವ" ಎಂದ. ಹೊಸ ಆವಿಗೆಗೆ ಸಭೆ ಒಪ್ಪಿತು, ಆದರೆ ಹಬ್ಬ ಕಳೆದ ಮೇಲೆ. ಬೆಂಕಿ ಕಣ್ಣಿಗೆ ಕಾಣದೆ ಬಾಯಿಕಟ್ಟು ಸಾರುವಂತಿಲ್ಲ ಎಂದು ಕಟ್ಟಳೆಯನ್ನೂ ಮಾಡಿತು. ಮುದ್ದಯ್ಯನೂ ಅದಕ್ಕೆ ಕೈ ಎತ್ತಿದ. ಆ ವರ್ಷ ಈರಮ್ಮನ ಹಣತೆಗಳನ್ನು ಅವನೇ ಜೋಡಿಸಿ, ಅವನೇ ಬೆಂಕಿ ಇಟ್ಟ.

ಗುರುಗಳು ಕತೆ ನಿಲ್ಲಿಸಿದರು.

ವಸುಮತಿಗೆ ಸಮಾಧಾನವಾಗಲಿಲ್ಲ. "ಪಿಕಾಸಿ ಅವನ ಕಡೆಯವರ ಕೈಯಲ್ಲಿತ್ತು. ಅಜ್ಜನಿಗೆ ನೆಟ್ಟಗೆ ನಿಲ್ಲುವುದಕ್ಕೂ ಆಗುತ್ತಿರಲಿಲ್ಲ. ದೊಡ್ಡಪ್ಪ ಎಂಬ ಪ್ರೀತಿಗೆ ತಾನೆ ಮುದ್ದಯ್ಯ ತಲೆಬಾಗಿದ್ದು? ಪ್ರೀತಿ ಇಲ್ಲದ ಕಡೆ ಏನು ಮಾಡಬೇಕು, ಗುರುಗಳೇ?"

"ನಾಳೆ ಯಜಮಾನನಾಗಿ ಬೆಂಕಿ ಇಡುವವನು ಬೇರೊಬ್ಬ, ಅಂದು ತನ್ನ ಮಡಕೆಯೂ ಅದೇ ಆವಿಗೆಯಲ್ಲಿ ಇರುತ್ತದೆ, ಇಂದು ತಾನು ಮುರಿದ ಕಟ್ಟಳೆ ಅಂದು ತನ್ನನ್ನೂ ಕಾಯದು ಎಂದು ಮುದ್ದಯ್ಯನಿಗೆ ಗೊತ್ತಿತ್ತು, ತಾಯಿ. ಅದಕ್ಕೆ ಪ್ರೀತಿ ಬೇಕಿಲ್ಲ," ಎಂದರು ಗುರುಗಳು.

ವಸುಮತಿ ಮುಚ್ಚಿಟ್ಟ ಪುಸ್ತಕವನ್ನು ಮತ್ತೆ ತೆರೆದಳು.