ಮೆರವಣಿಗೆಗೊಂದು ತಮಟೆ

"ಗುರುಗಳೇ, ಇಂಥವಳನ್ನ ಸುಮ್ನೆ ಬಿಡಬೇಕಾ?" ಅಂತ ತಿಪ್ಪೇಶ ಕೇಳಿದ.

ಲಿಫ್ಟಿನಲ್ಲಿ ಮಣಿಪುರದ ಕಾವಲುಗಾರನೊಬ್ಬನಿಗೆ "ಥೂ, ನಿನ್ನ ದೇಶಕ್ಕೆ ಹೋಗೋ" ಅಂತ ಉಗಿದ ಹೆಂಗಸಿನ ವಿಡಿಯೋ ನೋಡಿ ಅವನ ಮೈಯೆಲ್ಲ ಉರಿಯುತ್ತಿತ್ತು. ಮೂರು ದಿನದಿಂದ ಮಠದ ಅಂಗಳ ಗುಡಿಸಿರಲಿಲ್ಲ. ಅವಳ ಹೆಸರು, ಮನೆ ನಂಬರು, ಆಫೀಸು, ಮಗಳ ಸ್ಕೂಲು, ಎಲ್ಲ ಕೆದಕಿ ಕೆದಕಿ ಫೋನಿನಲ್ಲಿ ಹಂಚುತ್ತಿದ್ದ.

"ಅವಳ ಕೆಲಸ ಹೋಯ್ತಂತೆ. ಅಷ್ಟೇ ಸಾಕಾ?"

ಗುರುಗಳು ಅವರೆಕಾಯಿ ಬುಟ್ಟಿಯನ್ನ ಅವನ ಕಡೆ ತಳ್ಳಿದರು. "ಫೋನ್ ಕೆಳಗಿಡು. ಇದನ್ನ ಸುಲೀತಾ ಕೇಳು."

ಒಂದೂರಲ್ಲಿ ಒಬ್ಬ ಹೋಟೆಲಿನವನು. ಎಲ್ಲರಿಗೂ ಬೆಂಚು, ಗಾಜಿನ ಲೋಟ. ತಮಟೆಯವನಿಗೆ ಮಾತ್ರ ಹೊರಗಿನ ಗೂಡಿನಲ್ಲಿಟ್ಟ ತೆಂಗಿನ ಕರಟ. ಒಂದು ದಿನ ತಮಟೆಯವನು ಸೀದಾ ಒಳಗೆ ಬಂದು ಬೆಂಚಿನ ಮೇಲೆ ಕೂತ. "ನಂಗೂ ಲೋಟದಲ್ಲೇ ಕೊಡಿ" ಅಂದ. ಹೋಟೆಲಿನವನು ಕುದಿಯೋ ಟೀಯನ್ನ ಅವನ ಕಾಲ ಮೇಲೆ ಸುರಿದ.

ಪರವೂರಿನವರು ನಾಲ್ಕು ಜನ ಅದನ್ನ ಕಂಡು ಛೀ ಅಂದರು. ಇಷ್ಟು ವರ್ಷ ಆ ಗೂಡಿನ ಪಕ್ಕದಲ್ಲೇ ಕೂತು ಟೀ ಹೀರಿದವರಿಗೆಲ್ಲ ಆಗ ರೋಷ ಉಕ್ಕಿತು. ಹೋಟೆಲಿನವನ ಅರ್ಧ ತಲೆ ಬೋಳಿಸಿದರು. ಚಪ್ಪಲಿ ಹಾರ ಹಾಕಿ ಕತ್ತೆ ಮೇಲೆ ಕೂರಿಸಿದರು. ಮೆರವಣಿಗೆ ಅಂದಮೇಲೆ ತಮಟೆ ಬೇಕಲ್ಲ? ತಮಟೆಯವನ ಗುಡಿಸಲಿಗೆ ಓಡಿದರು.

"ಏಳೋ, ನಿಂಗೆ ನ್ಯಾಯ ಕೊಡಿಸ್ತಾ ಇದೀವಿ. ತಮಟೆ ತಗೊಂಡು ಬಾ."

"ಕಾಲು ಬೆಂದೈತೆ, ಸ್ವಾಮಿ."

"ಕೈಗೇನಾಗಿದೆ?"

ಬೆಂದ ಕಾಲು ಎಳಕೊಂಡು ಅವನು ಏಳು ಬೀದಿ ತಮಟೆ ಬಾರಿಸಿದ. ಜನ ಕುಣಿದೇ ಕುಣಿದರು. ದಣಿವಾಯಿತು. ಗೌಡರ ಜಗಲಿಯಲ್ಲಿ ಎಲ್ಲರಿಗೂ ಲೋಟ ಲೋಟ ಮಜ್ಜಿಗೆ ಬಂತು. ತಮಟೆಯವನೂ ಒಂದು ಲೋಟಕ್ಕೆ ಕೈ ಚಾಚಿದ.

"ಏಯ್, ದೂರ ನಿಂತ್ಕೊ. ಬೊಗಸೆ ಹಿಡಿ" ಅಂದು, ಮೇಲಿಂದ ಹುಯ್ದರು.

ತಿಪ್ಪೇಶ ಬುಟ್ಟಿಯನ್ನೇ ಒದ್ದ. ಕಾಳು ಚೆಲ್ಲಾಪಿಲ್ಲಿಯಾಯಿತು. "ಥೂ, ಎಂಥಾ ಜನ ಗುರುಗಳೇ! ಅವನ ಕಾಲಿಗೆ ಒಂದು ತೊಟ್ಟು ಎಣ್ಣೆ ಹಚ್ಚೋಣ ಅಂತ ಒಬ್ಬನಿಗೂ ಅನ್ನಿಸಲಿಲ್ವಾ? ಅವರನ್ನೆಲ್ಲ ಸಾಲಾಗಿ ಕತ್ತೆ ಮೇಲೆ ಕೂರಿಸಬೇಕು!"

ಗುರುಗಳು ಚೆಲ್ಲಿದ ಕಾಳು ಒಂದೊಂದೇ ಆರಿಸುತ್ತಾ ಕೇಳಿದರು: "ಅದಿರಲಿ ತಿಪ್ಪೇಶ, ಆ ಲಿಫ್ಟಿನ ಕಾವಲುಗಾರನ ಹೆಸರೇನು?"