ಗಾಜಿನ ತೊಟ್ಟಿಲು

ಬಹಳ ಹಿಂದೆ, ಎರೆಭೂಮಿಯ ಒಂದು ಊರ ಮುಂದೆ ಲಾರಿಯೊಂದು ಕೆಸರಿನಲ್ಲಿ ಹೂತುಕೊಂಡಿತು. ಲಾರಿಯ ಮೇಲೆ ವಿಮಾನವಿತ್ತು.

ಯುದ್ಧದ ವಿಮಾನವಂತೆ. ವಯಸ್ಸಾಗಿತ್ತಂತೆ. ಪಟ್ಟಣದ ಮ್ಯೂಸಿಯಮ್ಮಿನಲ್ಲಿ ನಿಲ್ಲಿಸಲು ಒಯ್ಯುತ್ತಿದ್ದರಂತೆ. ಊರವರು ಎತ್ತು ಕಟ್ಟಿ ಎಳೆದರು. ಹಗ್ಗ ಹರಿಯಿತು. ಕೊನೆಗೆ ವಿಮಾನವನ್ನು ಕೆಳಗಿಳಿಸಿ, ಹಗುರಾದ ಲಾರಿಯನ್ನು ಮೇಲೆತ್ತಿದರು. ನೆಲ ಒಣಗಲಿ, ಬಂದು ಒಯ್ಯುತ್ತೇವೆ ಎಂದು ಹೇಳಿ ಲಾರಿಯವರು ಹೋದರು. ನೆಲ ಒಣಗಿತು. ಬಿರುಕೂ ಬಿಟ್ಟಿತು. ಯಾರೂ ಬರಲಿಲ್ಲ.

ಆ ಊರಲ್ಲಿ ಕಮ್ಮಾರರ ಮೋನಪ್ಪ ಇದ್ದ. ವಾಯುಪಡೆಯಲ್ಲಿ ಫಿಟ್ಟರ್ ಆಗಿದ್ದು, ಪೆನ್ಷನ್ ಆದ ಮೇಲೆ ಊರಿಗೆ ಬಂದು ಅಪ್ಪನ ಕುಲುಮೆಗೆ ಮತ್ತೆ ಬೆಂಕಿ ಹಾಕಿದವನು. ಹೆಸರಿಗೆ ತಕ್ಕ ಮನುಷ್ಯ. ಮಾತೇ ಇಲ್ಲ. ಪ್ರಾಯದಲ್ಲಿ ಹೆಣ್ಣು ನೋಡಲು ಹೋದಾಗ, ಹುಡುಗ ಮೂಗ ಎಂದು ತಿಳಿದು ಉಪ್ಪಿಟ್ಟು ಕೊಟ್ಟು ಕಳಿಸಿದರಂತೆ. ಅವನು ಉಪ್ಪಿಟ್ಟು ತಿಂದು ಸುಮ್ಮನೆ ಎದ್ದು ಬಂದನಂತೆ. ಮತ್ತೆ ನೋಡಲು ಹೋಗಲಿಲ್ಲ.

ಲಾರಿ ಹೋದ ಮೇಲೆ ಮೋನಪ್ಪ ವಿಮಾನದ ಸುತ್ತ ಒಂದು ಸುತ್ತು ಬಂದ. ಅದರ ಹೊಟ್ಟೆಗೆ ಕೈ ಹಚ್ಚಿ ನಿಂತ. ಅದು ಅವನು ದುಡಿದ ವಿಮಾನವೇ ಎಂದು ಕೆಲವರು. ಅಲ್ಲ, ಆ ಜಾತಿಯದು ಅಷ್ಟೇ ಎಂದು ಕೆಲವರು. ಕೇಳಿದರೆ ಅವನು ‘ಹೂಂ’ ಅಂದ. ಯಾವ ಮಾತಿಗೆ ಹೂಂ ಅಂದನೋ ಯಾರಿಗೂ ತಿಳಿಯಲಿಲ್ಲ.

ಅದೇ ಓಣಿಯಲ್ಲಿ ಹಂಪಮ್ಮ ಎಂಬಾಕೆ ಇದ್ದಳು. ಅವಳಿಗೆ ಹುಟ್ಟಿದ ಕೂಸು ಉಳಿಯುತ್ತಿರಲಿಲ್ಲ. ಮಲಗಿದ್ದು ಮಲಗಿದಂತೆಯೇ ಹೋಗುತ್ತಿದ್ದವು. ಮತ್ತೊಂದು ಹೆಣ್ಣು ಕೂಸು ಹುಟ್ಟಿತು. ಸಾವು ಹೇಸಿಕೊಂಡು ಬಿಟ್ಟುಹೋಗಲಿ ಎಂದು ತಿಪ್ಪೆಯ ಹೆಸರನ್ನೇ ಇಟ್ಟರು, ತಿಪ್ಪಮ್ಮ ಎಂದು. ಹಂಪಮ್ಮನಿಗೆ ಹೆಸರಿನ ಮೇಲೂ ಭರವಸೆ ಇರಲಿಲ್ಲ. ಮರದ ತೊಟ್ಟಿಲು, ಒಳಗೆ ಕತ್ತಲು. ಕೂಸು ಉಸಿರಾಡುತ್ತಿದೆಯೋ ಇಲ್ಲವೋ ಎಂದು ಗಳಿಗೆಗೊಮ್ಮೆ ಎದ್ದು ಬಗ್ಗಿ ನೋಡುವಳು. ಹಸಿ ಬಾಣಂತಿ. ನಿದ್ದೆ ಇಲ್ಲದೆ ಅವಳೇ ಹೋಗುವಂತಾದಳು.

ಮೋನಪ್ಪ ಯಾರನ್ನೂ ಕೇಳಲಿಲ್ಲ. ಹೋಗಿ ವಿಮಾನದ ಮುಚ್ಚಳ ಬಿಚ್ಚಿದ. ಹಾರಿಸುವವನ ತಲೆಯ ಮೇಲೆ ಮುಚ್ಚುವ ಮುಚ್ಚಳ ಅದು. ಗಾಜಿನಂತೆ ಕಾಣುತ್ತದೆ, ಗಾಜಿನಂತೆ ಒಡೆಯುವುದಿಲ್ಲ. ಅದನ್ನು ಅಂಗಾತ ಮಾಡಿ, ಚರ್ಮದ ಬಾರು ಕಟ್ಟಿ, ಹಂಪಮ್ಮನ ಮನೆಯ ತೊಲೆಗೆ ತೂಗುಹಾಕಿದ. ಕೂಸನ್ನು ಅದರಲ್ಲಿ ಮಲಗಿಸಿದರು. ಹಂಪಮ್ಮ ಮಲಗಿದಲ್ಲಿಂದಲೇ ಕಂಡಳು, ಕೂಸಿನ ಎದೆ ಏರುವುದನ್ನು, ಇಳಿಯುವುದನ್ನು. ನೋಡುತ್ತ ನೋಡುತ್ತ ನಿದ್ದೆ ಹೋದಳು.

ಕೂಸು ಉಳಿಯಿತು.

ಆಮೇಲೆ ಊರಲ್ಲಿ ಯಾರೇ ಹಡೆದರೂ ಗಾಜಿನ ತೊಟ್ಟಿಲು ಆ ಮನೆಗೆ. ಅದರಲ್ಲಿ ಮಲಗಿದ ಕೂಸು ಒಂದೂ ಹೋಗಲಿಲ್ಲವಂತೆ. ಪಕ್ಕದ ಊರಿನವರು ಗಾಡಿ ಕಟ್ಟಿಕೊಂಡು ಬಂದು ಒಯ್ದರಂತೆ. ಮನೆಯಿಂದ ಮನೆಗೆ ಮುಟ್ಟಿಸುವಾಗ ಒಂದು ಕಟ್ಟಳೆ. ಬರಿದಾದ ತೊಟ್ಟಿಲು ತೂಗಬಾರದು, ಬರಿದಾದ ತೊಟ್ಟಿಲು ಹೊಸ್ತಿಲು ದಾಟಬಾರದು. ಹಾಗಾಗಿ ನಾಮಕರಣದಲ್ಲಿ ಕೂಸಿಗಿಂತ ಮುಂಚೆ ಮಲಗಿಸುತ್ತಾರಲ್ಲ, ಆ ಗುಂಡುಕಲ್ಲಿಗೆ ಕೂಸಿನ ತಲೆಗೆ ಹಾಕುವ ಕುಂಚಿಗೆ ತೊಡಿಸಿ, ತೊಟ್ಟಿಲಲ್ಲಿಟ್ಟು ಒಯ್ಯುತ್ತಿದ್ದರು. ಕಲ್ಲು ಹಂಪಮ್ಮನದು. ಕುಂಚಿಗೆಯೂ ಅವಳು ಹೊಲಿದದ್ದು.

ಮುಚ್ಚಳ ಹೋದ ಮೇಲೆ ಉಳಿದದ್ದೂ ಹೋಯಿತು. ಒಬ್ಬ ತಗಡು ಬಿಚ್ಚಿ ನೆಲದೊಳಗೆ ಜೋಳ ತುಂಬಿಡುವ ಹಗೇವಿಗೆ ಮುಚ್ಚಿದ. ಒಬ್ಬ ಗಾಲಿ ಒಯ್ದ. ಮೂತಿಯ ಮೇಲಿನ ಸಣ್ಣ ಕೊಳವೆ ಅದೇ ಓಣಿಯ ಶರಭಮ್ಮನ ಒಲೆಗೆ ಊದುಗೊಳವೆಯಾಯಿತು. ಹೊಗೆ ಉಗುಳುವ ಬಾಲದಲ್ಲಿ ಜೇನು ಕಟ್ಟಿತು. ಮೋನಪ್ಪ ಕುಲುಮೆಯಲ್ಲಿ ಕೂತು ಎಲ್ಲ ನೋಡಿದ. ಅವನ ಕೂದಲು ಬೆಳ್ಳಗಾಯಿತು.

ಎಷ್ಟೋ ಕಾಲದ ಮೇಲೆ ಮ್ಯೂಸಿಯಮ್ಮಿನಿಂದ ಒಬ್ಬ ಸಾಹೇಬ ಬಂದ. ಹೊಸಬ, ಒಳ್ಳೆಯವ. ವಿಮಾನ ನೋಡಿ ತಲೆಯ ಮೇಲೆ ಕೈ ಹೊತ್ತು ಕೂತನಂತೆ. ಇದು ಮೊದಲಿನಂತಾದರೆ ಒಯ್ಯುತ್ತೇನೆ, ಇಲ್ಲವಾದರೆ ಕರಗಿಸಲು ಕಳಿಸಬೇಕು, ಮೇಲಿನವರ ಮಾತು ಹಾಗಿದೆ ಅಂದ. ಮುಚ್ಚಳವಿಲ್ಲದ ವಿಮಾನವನ್ನಂತೂ ಯಾರೂ ಒಳಗೆ ಬಿಡುವುದಿಲ್ಲ ಅಂದ.

ಮೋನಪ್ಪ ಕುಲುಮೆಯಿಂದ ಎದ್ದು ಬಂದ.

“ಆಗ್ತೈತಿ,” ಅಂದ.

ಮರುದಿನದಿಂದ ಮನೆಮನೆ ತಿರುಗಿದ. ಅವನು ಕೇಳುವ ರೀತಿಯೇ ಬೇರೆ. ಬಾಗಿಲಲ್ಲಿ ನಿಲ್ಲುವುದು, ಅಷ್ಟೇ. ಶರಭಮ್ಮನ ಬಾಗಿಲಲ್ಲಿ ನಿಂತ. ಅವಳು ರೊಟ್ಟಿ ಬಡಿಯುತ್ತಿದ್ದಳು.

“ಏನ್ ಬೇಕಪಾ?”

ಇವನು ಒಲೆಯ ಕಡೆ ನೋಡಿದ.

“ಬಾಯಿ ಬಿಟ್ಟ್ ಹೇಳಾಕ ಏನ್ ಬ್ಯಾನಿ ನಿನಗ?”

ಇವನು ನಿಂತೇ ಇದ್ದ.

“ಅಯ್ಯ, ತಗೊಂಡ್ ಹೋಗ್ ಮಾರಾಯ! ನೀ ಹಿಂಗ ನಿಂತ್ರ ಓಣ್ಯಾಗಿನ ಮಂದಿ ಯಾರ್ ಸತ್ರು ಅಂತ ಕೇಳ್ತಾರ,” ಅಂದು ಕೊಳವೆ ಎಸೆದಳು.

ಅವಳಿಗೆ ಸಂಜೆಯೊಳಗೆ ಹೊಸ ಊದುಗೊಳವೆ ಬಂತು. ಹೀಗೆ ತಗಡು ಬಂತು, ಗಾಲಿ ಬಂತು. ಒಂದು ಒಯ್ದರೆ ಒಂದು ಮಾಡಿ ಕೊಟ್ಟ. ಹೊಗೆ ಹಾಕಿ ಜೇನು ಎಬ್ಬಿಸಿದ. ಒಂದು ಹುಳುವೂ ಸಾಯಲಿಲ್ಲವಂತೆ. ತಗ್ಗು ಬಿದ್ದ ತಗಡನ್ನು ಒಳಗಿಂದ ಮರದ ಕೊಡತಿಯಲ್ಲಿ ಬಡಿದು ಬಡಿದು ನೆಟ್ಟಗೆ ಮಾಡಿದ. ಆ ಸದ್ದು ಹೊಲದ ತನಕ ಕೇಳುತ್ತಿತ್ತು. ಸದ್ದು ನಿಂತ ದಿನ ಊರು ಹೋಗಿ ನೋಡಿತು. ವಿಮಾನ ಬೆಳ್ಳಿಯಂತೆ ನಿಂತಿತ್ತು. ತಲೆ ಮಾತ್ರ ಬೋಳು.

ಆಗ ಅವನು ಹಂಪಮ್ಮನ ಬಾಗಿಲಿಗೆ ಹೋದ.

ತೊಟ್ಟಿಲು ಬರಿದಿರಲಿಲ್ಲ. ತಿಪ್ಪಮ್ಮ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಅವಳ ಕೂಸು ಅದರಲ್ಲಿತ್ತು. ತಿಂಗಳು ತುಂಬುವ ಮುಂಚೆ ಹುಟ್ಟಿದ್ದು, ಅಂಗೈಯಷ್ಟು. ಹಂಪಮ್ಮ ಮುದುಕಿಯಾಗಿದ್ದಳು. ಮತ್ತೆ ಅದೇ ನೆಲದಲ್ಲಿ ಮಲಗಿ ಅದೇ ಗಾಜಿನೊಳಗೆ ಎದೆ ಏರಿಳಿಯುವುದನ್ನು ಕಾಯುತ್ತಿದ್ದಳು.

ಮೋನಪ್ಪ ನಿಂತ. ಅವಳು ತಗೊಂಡು ಹೋಗು ಅನ್ನಲಿಲ್ಲ. ಮರುದಿನ ಬಂದು ನಿಂತ. ಅಂದೂ ಅನ್ನಲಿಲ್ಲ.

“ನಿಂದ್ರು. ನೀ ನಿಂದ್ರತಿ, ನಾ ಕುಂದ್ರತೀನಿ. ಯಾರ್ ಸೋಲ್ತಾರ ನೋಡೂಣು,” ಅಂದಳು.

ಊರಲ್ಲಿ ಮಾತಾಯಿತು. ಕೊಟ್ಟದ್ದನ್ನು ಕೇಳಬಾರದು, ಅದೂ ಕೂಸಿನ ಕೆಳಗಿನದನ್ನು ಎಂದರು ಕೆಲವರು. ವಿಮಾನ ಕರಗಿಸಿದರೆ ಇವನೂ ಉಳಿಯುವುದಿಲ್ಲ ಎಂದರು ಕೆಲವರು. ಎರಡೂ ನಿಜವೇ.

ಒಂದು ದಿನ ಹಂಪಮ್ಮ ತೊಟ್ಟಿಲು ತೂಗುತ್ತ ಅದರ ಅಂಚು ಸವರಿದಳು. ಸುತ್ತ ಸವರಿದಳು. ಬಾಗಿಲ ಕಡೆ ತಿರುಗಿದಳು.

“ಯಣ್ಣಾ, ಇದಕ್ಕ ಒಂದ್ ತೂತೂ ಹೊಡದಿಲ್ಲಲ್ಲ ನೀನು. ಬರೇ ಬಾರ್ ಕಟ್ಟೀದಿ. ಒಂದಿನ ಹೊಳ್ಳಿ ಒಯ್ತೀನಿ ಅಂತ ಅವತ್ತ ಗೊತ್ತಿತ್ತ ನಿನಗ?”

“ಗೊತ್ತಿತ್ತು.”

“ಮತ್ಯಾಕ ಕೊಟ್ಟಿ?”

ಮೋನಪ್ಪ ಹೊಸ್ತಿಲ ಹೊರಗೆ ಕೂತ. ಆಮೇಲೆ ಮಾತಾಡಿದ.

“ಇದರ ಕೆಳಗ ಹುಡುಗ್ರು ಕುಂದ್ರತಿದ್ರು ಯವ್ವಾ. ಸಣ್ಣ ಹುಡುಗ್ರು. ನಾ ಬೆಲ್ಟ್ ಬಿಗೀತಿದ್ದೆ, ನಾ ಮುಚ್ಚಳ ಹಾಕ್ತಿದ್ದೆ. ಒಳಗಿಂದ ಏನೋ ಅಂತಿದ್ರು, ನನಗ ಕೇಳ್ತಿರಲಿಲ್ಲ. ಬ್ಯಾರೆ ವಿಮಾನ ಹೋದ್ವು, ಬರಲಿಲ್ಲ. ಇದರಾಗ ಹೋದವ್ರು ಎಲ್ಲಾರೂ ಹೊಳ್ಳಿ ಬಂದ್ರು. ಅದಕ್ಕ ತಂದೆ.”

ಅವನು ಒಮ್ಮೆಗೆ ಅಷ್ಟು ಮಾತಾಡಿದ್ದು ಜನ್ಮದಲ್ಲಿ ಅದೊಂದೇ ಸಲವಂತೆ.

ಹಂಪಮ್ಮ ಬಹಳ ಹೊತ್ತು ತೂಗಿದಳು. ಕೂಸು ಬೋರಲು ಬೀಳಲಿ, ಆಮೇಲೆ ಒಯ್ಯಿ ಅಂದಳು. ತಾನಾಗಿ ಹೊರಳಿ ಬೋರಲು ಬಿದ್ದ ಕೂಸಿಗೆ ಭಯವಿಲ್ಲ ಎಂದು ಅವಳ ಲೆಕ್ಕ.

ಅಷ್ಟರಲ್ಲಿ ಸಾಹೇಬ ಲಾರಿ ತಂದ. ಕೂಸು ಇನ್ನೂ ಅಂಗಾತವೇ ಇತ್ತು. ಮೋನಪ್ಪ ಅವನನ್ನು ಕರೆದೊಯ್ದು ತೊಟ್ಟಿಲು ತೋರಿಸಿದ. ಸಾಹೇಬ ಚಪ್ಪಲಿ ಬಿಟ್ಟು ಬಗ್ಗಿ ನೋಡಿದ. ಹೊರಗೆ ಬಂದು, ಲಾರಿ ಕೆಟ್ಟಿದೆ ಎಂದು ಮೇಲಿನವರಿಗೆ ಹೇಳಿ ಕಳಿಸಿದನಂತೆ. ಡ್ರೈವರ್ ತಾನಾಗಿಯೇ ಒಂದು ಗಾಲಿ ಬಿಚ್ಚಿಟ್ಟನಂತೆ. ಸಾಹೇಬ ಚಾವಡಿಯಲ್ಲಿ ಮಲಗಿ, ಶರಭಮ್ಮನ ರೊಟ್ಟಿ ತಿಂದು, ದಿನಾ ಬೆಳಗ್ಗೆ ಬಂದು ಕೇಳುವನು.

“ಬಿತ್ತೇನಮ್ಮಾ?”

“ಇಲ್ಲರೀ.”

ಹಾಗೆ ಬಹಳ ದಿನ ಹೋದವು. ಒಂದು ಬೆಳಗ್ಗೆ ಕೂಸು ಗಾಜಿನೊಳಗೆ ಮುಷ್ಟಿ ಕಟ್ಟಿತು, ಮುಕ್ಕರಿಸಿತು, ಬೋರಲು ಬಿತ್ತು. ಮೂಗು ಗಾಜಿಗೆ ಒತ್ತಿ ಕೆಳಗೆ ಮಲಗಿದ್ದ ಅಜ್ಜಿಯನ್ನೇ ನೋಡಿತಂತೆ.

ಹೆಂಗಸರು ಕೂಡಿದರು. ಕೂಸನ್ನು ಎತ್ತಿ ತಿಪ್ಪಮ್ಮನ ಮಡಿಲಿಗೆ ಹಾಕಿದರು. ಆ ಕೈಯಲ್ಲೇ ಗುಂಡುಕಲ್ಲಿಗೆ ಕುಂಚಿಗೆ ತೊಡಿಸಿ ತೊಟ್ಟಿಲಲ್ಲಿಟ್ಟರು. ಎಲ್ಲರೂ ಹೊತ್ತು ವಿಮಾನದ ಬಳಿ ನಡೆದರು. ಮೋನಪ್ಪ ಹಲ್ಲುಪುಡಿ, ಹತ್ತಿಯ ಬಟ್ಟೆ ತೆಗೆದುಕೊಂಡು ಗಾಜು ಉಜ್ಜಿದ. ಎಷ್ಟೋ ಕೂಸುಗಳು ಗೀರಿದ ಗಾಜು. ಉಜ್ಜುವಾಗಲೂ ಕಲ್ಲು ಒಳಗೇ ಇತ್ತು.

ಇನ್ನು ಮುಚ್ಚಳ ಮಗುಚಬೇಕು. ಮಗುಚಿದರೆ ತೊಟ್ಟಿಲು ಬರಿದಾಗುತ್ತದೆ. ಅವನು ಹಂಪಮ್ಮನ ಮುಖ ನೋಡಿದ.

ಹಂಪಮ್ಮ ಕಲ್ಲನ್ನು ಎತ್ತಿಕೊಂಡಳು. ನಾಮಕರಣದಲ್ಲಿ ಮಾಡುವ ಹಾಗೆ, ಕೆಳಗಿಂದ ಒಬ್ಬಳು ಕೊಟ್ಟಳು, ಮೇಲಿಂದ ಒಬ್ಬಳು ಇಸಕೊಂಡಳು. ಕೈಯಿಂದ ಕೈಗೆ ಏರಿ ಕಲ್ಲು ವಿಮಾನದ ಸೀಟಿನಲ್ಲಿ ಕೂತಿತು. ಮೋನಪ್ಪ ಅದಕ್ಕೆ ಬೆಲ್ಟ್ ಬಿಗಿದ. ಎಳೆದು ನೋಡಿದ. ಮುಚ್ಚಳ ಹಾಕಿದ. ಹಾಕಿದ ಮೇಲೆ ಗಾಜಿಗೆ ಕಿವಿ ಹಚ್ಚಿ ಒಂದು ಗಳಿಗೆ ನಿಂತನಂತೆ.

ಸಾಹೇಬ ಮೆಲ್ಲಗೆ ಕೇಳಿದ, “ಅಮ್ಮಾ, ಇದೇನು?”

“ಪೈಲಟ್ ರೀ,” ಅಂದಳು ಹಂಪಮ್ಮ.

ಡ್ರೈವರ್ ಗಾಲಿ ಹಾಕಿದ. ವಿಮಾನ ಹೋಯಿತು.

ಮೋನಪ್ಪ ಅದನ್ನು ನೋಡಲು ಪಟ್ಟಣಕ್ಕೆ ಹೋಗಲೇ ಇಲ್ಲ. ಮುಂದಿನ ಮಳೆಗಾಲದಲ್ಲಿ ಸತ್ತ. ಹಂಪಮ್ಮ ಅದರ ಮುಂದಿನ ವರ್ಷ.

ಈಗಲೂ ಆ ಸೀಮೆಯಲ್ಲಿ ಕೂಸು ಬೋರಲು ಬಿದ್ದರೆ ಮ್ಯೂಸಿಯಮ್ಮಿಗೆ ಒಯ್ದು ವಿಮಾನದ ಮುಂದೆ ಎತ್ತಿ ಹಿಡಿಯುತ್ತಾರೆ. ವರ್ಷಕ್ಕೊಮ್ಮೆ ಮುಚ್ಚಳ ತೆಗೆಸುತ್ತಾರೆ. ಹಂಪಮ್ಮನ ಮನೆತನದ ಒಬ್ಬ ಹೆಣ್ಣುಮಗಳು ಏಣಿ ಹತ್ತಿ ಹಳೆ ಕುಂಚಿಗೆ ಬಿಚ್ಚಿ ಹೊಸದು ತೊಡಿಸುತ್ತಾಳೆ. ಕಲ್ಲಿಗೆ ಮೋನಪ್ಪ ಎಂದೇ ಹೆಸರು. ಅದೂ ಮಾತಾಡುವುದಿಲ್ಲ.

ಬೆಲ್ಟ್ ಮಾತ್ರ ಯಾರೂ ಬಿಚ್ಚಿಲ್ಲ. ಅವನು ಬಿಗಿದದ್ದೇ ಇದೆ.