ತಿದಿ ಮತ್ತು ಹಿತ್ತಾಳೆಯ ನಾಲಗೆ

ಚರ್ಚಿನಲ್ಲಿ ಶವಪೆಟ್ಟಿಗೆಯ ಮುಂದೆ ಎಲ್ಲರೂ ಅಳುತ್ತಿದ್ದರು. ಹಾಡು ಎತ್ತಿಕೊಡಲು ಪ್ರಿಸ್ಸಿಲ್ಲ ಟೀಚರ್ ಹಾರ್ಮೋನಿಯಂ ಮುಂದೆ ಕೂತರು. ಆದರೆ ಅದರ ತಿದಿ ಗಾಳಿ ತುಂಬಿಕೊಂಡು ಅಲ್ಲಾಡದೆ ನಿಂತಿತು.

"ಒತ್ತು!" ಎಂದಿತು, ಒಳಗೆ ಸ್ವರ ಹೊರಡಿಸುವ ಹಿತ್ತಾಳೆಯ ನಾಲಗೆ.

"ಗಾಳಿ ದೇವರದು. ಕೊಟ್ಟವನೇ ಹಾಡಿಸಲಿ. ನಾನು ನಂಬಿ ಕೂತಿದ್ದೇನೆ" ಎಂದಿತು ತಿದಿ.

"ಕೊಟ್ಟಾಯಿತಲ್ಲ! ಒತ್ತುವ ಕೆಲಸ ನಿನಗೆ ಬಿಟ್ಟಿದ್ದಾನೆ. ನೋಡು, ಗಂಡನನ್ನು ಕಳೆದುಕೊಂಡ ಎಸ್ತೇರಮ್ಮ ಬಾಯಿ ತೆರೆದಿದ್ದಾರೆ, ಸ್ವರ ಹೊರಡುತ್ತಿಲ್ಲ."

ತಿದಿ ನಾಚಿ ಬಲವಾಗಿ ಒತ್ತಿತು. ಹಾಡು ಎದ್ದಿತು. ಆಗ ಅದಕ್ಕೆ ಜಂಬ ಬಂತು. "ಎಲ್ಲ ನನ್ನ ಬಲವೇ! ಇನ್ನು ಗಾಳಿಗಾಗಿ ಯಾರ ಮುಂದೆಯೂ ಬಾಯಿ ತೆರೆಯುವುದಿಲ್ಲ" ಎಂದು ಬಿಗಿಯಾಗಿ ಮುಚ್ಚಿಕೊಂಡಿತು. ಮುಂದಿನ ಸಾಲಿಗೇ ಸ್ವರ ಸೊರಗಿತು. ಎಸ್ತೇರಮ್ಮನ ದನಿಯೂ ನಡುಗಿತು.

"ಒತ್ತುತ್ತಲೇ ಇದ್ದೇನಲ್ಲ!" ಎಂದು ತಿದಿ ಗೊಣಗಿತು.

"ಒತ್ತಲು ಒಳಗೆ ಏನಿದೆ? ತೆರೆ!"

ತಿದಿ ತೆರೆಯಿತು, ತುಂಬಿಕೊಂಡಿತು, ಒತ್ತಿತು. ಹಾಡು ಮತ್ತೆ ಎದ್ದಿತು. "ಹಾಗಾದರೆ ನಂಬಿಕೆ ಯಾವುದು? ತೆರೆಯುವುದೋ, ಒತ್ತುವುದೋ?"

"ಆಮೇಲೆ ಕೇಳು," ಎಂದಿತು ನಾಲಗೆ. "ಆ ತಾಯಿ ಹಾಡುತ್ತಿದ್ದಾರೆ. ಮತ್ತೆ ತೆರೆ."